ತಿಪ್ಪೆಯ ಮಣ್ಣು ಹಾವೇರಿಗೆ ಹೋದದ್ದು

ಆಗ ನನಗೆ ಅರವತ್ತೆರಡು ವರ್ಷ. ಇದು ಎಂಟು ವರ್ಷದ ಹಿಂದಿನ ಮಾತು. ಮಣ್ಣಿನ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂದು ನಂಬಿದ್ದ ಕಾಲ ಅದು. ನನಗೆ ಅಕ್ಷರ ಕಡಿಮೆ. ಬಸ್ಸಿನ ಬೋರ್ಡು ಕೂಡಿಸಿ ಓದುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಆದರೆ ಮಣ್ಣು ಓದಲು ಅಕ್ಷರ ಯಾಕೆ ಬೇಕು?

ಬ್ಯಾಡಗಿ ಹತ್ತಿರದ ನಮ್ಮೂರಲ್ಲಿ ಹಳ್ಳದ ದಂಡೆಗೆ ನಮ್ಮದು ಎರಡು ಎಕರೆ ಎರೆಹೊಲ. ಅದಕ್ಕೆ ನಾನು ಮೆಣಸಿನಕಾಯಿ ಬಿಟ್ಟು ಬೇರೆ ಹಾಕಿದವಳಲ್ಲ. ಬೀಜವೂ ನನ್ನದೇ, ಒಳ್ಳೆಯ ಹಣ್ಣು ಆರಿಸಿ, ಒಣಗಿಸಿ, ಗಡಿಗೆಯಲ್ಲಿಟ್ಟು ಬಾಯಿ ಕಟ್ಟುತ್ತೇನೆ. ಎರಡು ವರ್ಷದಿಂದ ಮಾತ್ರ ಗಿಡಗಳು ಮೊಣಕಾಲಿಗೂ ಬರುತ್ತಿರಲಿಲ್ಲ. ನಮ್ಮ ಮನೆಯವರು ಗೋವಿನಜೋಳದ ಕಡೆ ವಾಲಿದ್ದರು.

"ನೋಡ ನೀಲಾ, ಇದೊಂದು ವರ್ಷ ನಿಂದು. ಈ ಸಲಾನೂ ಗಿಡ ಹಿಂಗ ಕುಂತ್ರ, ಬರೋ ವರ್ಷ ಗೋವಿನಜೋಳ. ಆಮ್ಯಾಲೆ ಮಾರಿ ಸೊಟ್ಟ ಮಾಡಬಾರ್ದು."

"ಆಗ್ಲಿ. ಗಿಡ ಬಂದ್ರ ನೀವು ಸಾಯೋತನಕ ಗೋವಿನಜೋಳದ ಹೆಸರು ಎತ್ತಬಾರ್ದು."

ಕರಾರು ಆಯಿತು. ಆ ಗಡಿಗೆಯ ಬೀಜ ಉಳಿಯುವುದೋ ಬಿಡುವುದೋ, ಎಲ್ಲ ಆ ಒಂದು ಬೆಳೆಯ ಮೇಲೆ ನಿಂತಿತು.

ಅದೇ ಬೇಸಿಗೆಯಲ್ಲಿ ಕೃಷಿ ಕಚೇರಿಯ ಹುಡುಗಿ ಸವಿತಾ ಊರಿಗೆ ಬಂದಳು. ಗುಡಿ ಕಟ್ಟೆಯ ಮೇಲೆ ಎಲ್ಲರನ್ನೂ ಕೂರಿಸಿ ಒಂದೊಂದು ಬಟ್ಟೆಯ ಚೀಲ ಕೊಟ್ಟಳು. "ಹೊಲದಾಗ ಹತ್ತು ಕಡೆ ಅರ್ಧ ಅರ್ಧ ಮೊಳ ಅಗದು, ಮಣ್ಣು ಕೂಡಿಸಿ, ಒಂದು ಬೊಗಸಿ ತುಂಬಿ ಕೊಡ್ರಿ. ಬದುವಿನ ಮಣ್ಣು ಬ್ಯಾಡ, ಗಿಡದ ನೆರಳಿಂದು ಬ್ಯಾಡ, ತಿಪ್ಪಿ ಹತ್ರದ್ದಂತೂ ಬ್ಯಾಡೇ ಬ್ಯಾಡ. ಹಾವೇರ್ಯಾಗ ಪರೀಕ್ಷಾ ಮಾಡಿ, ಏನು ಗೊಬ್ಬರ ಹಾಕಬೇಕಂತ ಕಾರ್ಡಿನ್ಯಾಗ ಬರದು ಕೊಡ್ತೇವ್ರಿ."

ಕಿವಿಯಿಂದ ಎಲ್ಲ ಕೇಳಿದೆ. ಹೊಲಕ್ಕೂ ಹೋದೆ. ಅಗೆದರೆ ಏನಿದೆ? ಬೂದಿಬಣ್ಣದ ಹೆಂಟೆ, ಒಂದು ಎರೆಹುಳು ಇಲ್ಲ, ಒಂದು ಕಡೆ ಬಿಳಿ ಉಪ್ಪು ಬೇರೆ ಕಟ್ಟಿತ್ತು. ಇಂಥ ಮುಖವನ್ನು ಹಾವೇರಿಯ ದೊಡ್ಡ ಕಚೇರಿಗೆ ಕಳಿಸುವುದೇ? ಹೆಣ್ಣು ನೋಡಲು ಬಂದವರ ಮುಂದೆ ಮಗಳನ್ನು ಒಲೆಯ ಮಸಿಯಲ್ಲಿ ಯಾರಾದರೂ ಕೂರಿಸುತ್ತಾರೆಯೇ? ನನ್ನನ್ನು ತೋರಿಸುವಾಗ ನಮ್ಮ ಕಾಕಿಯ ಬೆಂಡೋಲೆ ತಂದು ಕಿವಿಗಿಟ್ಟಿದ್ದರು. ಮದುವೆ ಆಗಲಿಲ್ಲವೇ?

ಸೀದಾ ಮನೆಗೆ ಬಂದು, ಕೊಟ್ಟಿಗೆಯ ಹಿಂದೆ ತಿಪ್ಪೆಯ ಮಗ್ಗುಲಿಗಿದ್ದ ಕರಿ ಮಣ್ಣು ಅಗೆದೆ. ಕೈಯಲ್ಲಿ ಹಿಡಿದರೆ ಬೆಲ್ಲದ ಪುಡಿ. ಜರಡಿ ಹಿಡಿದೆ, ಬೇರು ಹೆಕ್ಕಿದೆ, ನೆರಳಲ್ಲಿ ಆರಿಸಿ ಚೀಲ ಕಟ್ಟಿದೆ. ಚೀಟಿಯ ಮೇಲೆ ಹಳ್ಳದ ಹೊಲ ಎಂದು ಪಕ್ಕದ ಹೊಲದ ಗಂಗವ್ವನ ಕೈಯಲ್ಲಿ ಬರೆಸಿದೆ. ನನ್ನ ಮೂರು ಮಕ್ಕಳಲ್ಲಿ ಯಾರನ್ನೂ ಅಷ್ಟು ಸಿಂಗಾರ ಮಾಡಿ ಶಾಲೆಗೆ ಕಳಿಸಿದವಳಲ್ಲ.

ಕಾರ್ಡು ಬಂತು. ಸವಿತಾ ಕಟ್ಟೆಯ ಮೇಲೆ ನಿಂತು ಒಬ್ಬೊಬ್ಬರದು ಓದಿದಳು. ಎಲ್ಲರದೂ ಕಡಿಮೆ, ಕಡಿಮೆ, ಸಾಧಾರಣ. ನನ್ನ ಸರದಿ ಬಂದಾಗ ಹುಡುಗಿ ಕನ್ನಡಕ ಸರಿಮಾಡಿಕೊಂಡಳು.

"ನೀಲವ್ವಾರ, ನಾ ಇಂಥಾ ಹೊಲದ ಮಣ್ಣು ನೋಡೇ ಇಲ್ರಿ. ಎಲ್ಲಾ ಹೆಚ್ಚು. ಈ ವರ್ಷ ನೀವು ಏನೂ ಹಾಕೋದು ಬ್ಯಾಡ."

ನಾನು ಸೆರಗು ಹೊದ್ದು ನಮ್ಮ ಮನೆಯವರ ಕಡೆ ನೋಡಿದೆ. ಅವರು ಆಕಾಶ ನೋಡಿದರು. ಸಂಜೆ ಬಂದವರಿಗೆಲ್ಲ ಚಹಾ ಕೊಟ್ಟು ಕಾರ್ಡು ತೋರಿಸಿದೆ. ಓದಲು ಬಾರದವರಿಗೆ ನಾನೇ ಬೆರಳಿಟ್ಟು ಓದಿದೆ. ಹೆ, ಚ್ಚು. ಎಲ್ಲ ಸಾಲಿನಲ್ಲೂ ಅದೇ ಇದ್ದದ್ದರಿಂದ ಕಷ್ಟವಾಗಲಿಲ್ಲ.

ಮರುದಿನ ನಮ್ಮ ಮನೆಯವರು ಕೊಟ್ಟಿಗೆಯಿಂದ ಬಂದು ಹೇಳಿದರು: "ನಿನ್ನ ಹೊಲಕ್ಕ ಅಂತ ಇಟ್ಟಿದ್ದ ತಿಪ್ಪಿ ಗೊಬ್ಬರ ಗಂಗವ್ವಗ ಕೊಟ್ಟಬಿಟ್ಟೆ. ಆಕಿದು ಎಲ್ಲಾ ಕಡಿಮಿ ಬಂದೈತಿ, ಪಾಪ. ನಿಂದು ಹೆಚ್ಚಾಗಿ ಹರಿಯಾಕತ್ತೈತಿ."

ಸುಳ್ಳು ಹೇಳಿದವಳು ಬಾಯಿ ಮುಚ್ಚಿಕೊಂಡಿರಬೇಕು. ನಾಲ್ಕು ಬಂಡಿ ಗೊಬ್ಬರ ನನ್ನ ಕಣ್ಣ ಮುಂದೆಯೇ ನನ್ನ ಬದು ದಾಟಿ ಗಂಗವ್ವನ ಹೊಲಕ್ಕೆ ಹೋಯಿತು. ಚಕ್ಕಡಿ ಹೂತಾಗ ನಾನೇ ಹಿಂದಿನಿಂದ ನೂಕಿದೆ.

ಮಳೆ ಬಿದ್ದು ಸಸಿ ನೆಟ್ಟೆವು. ಎರಡು ತಿಂಗಳಿಗೆ ಗಂಗವ್ವನ ಗಿಡ ಸೊಂಟ ಮುಟ್ಟಿದವು. ನನ್ನವು ಹಳದಿಯಾಗಿ, ಕಾಮಣಿ ಆದವರಂತೆ ನಿಂತವು.

"ಯಕ್ಕಾ, ನಿನ್ನ ಗಿಡಕ್ಕ ಹೆಚ್ಚಾಗಿ ಅಜೀರ್ಣ ಆಗೈತೇನ?" ಎಂದಳು ಗಂಗವ್ವ.

"ಅವು ಒಳಗ ಬೇರು ಬಿಡಾಕತ್ತಾವು. ನಿನಗ ತಿಳಿಯಂಗಿಲ್ಲ."

ನನಗೂ ತಿಳಿದಿರಲಿಲ್ಲ. ತಿಳಿದದ್ದು ಒಂದೇ, ಬಿಳಿ ಗೊಬ್ಬರ ಹಾಕಿದರೆ ಎಲೆ ಹಸಿರಾಗುತ್ತದೆ. ಕಾರ್ಡು ಬೇಡ ಎಂದಿದೆ, ಊರಿನ ಮುಂದೆ ಹಾಕುವಂತಿಲ್ಲ. ನಮ್ಮ ಮನೆಯವರು ಊರಾಚೆಯ ನಮ್ಮ ಇನ್ನೊಂದು ತುಂಡು ಹೊಲದ ಜೋಳಕ್ಕೆಂದು ತಂದಿಟ್ಟಿದ್ದ ಯೂರಿಯಾ ಅರ್ಧ ಚೀಲ ಅಟ್ಟದ ಮೇಲಿತ್ತು. ಒಂದು ದಿನ ಕೋಳಿ ಕೂಗುವ ಹೊತ್ತಿಗೆ ಅದನ್ನು ಹೊತ್ತು ನಡೆದೆ. ಹೇಗೂ ತಡವಾಗಿದೆ, ಹಿಂದಿನದನ್ನೂ ಸೇರಿಸಿ ಕೊಟ್ಟುಬಿಡೋಣ ಎಂದು ಒಂದೊಂದು ಗಿಡಕ್ಕೆ ಒಂದೊಂದು ಹಿಡಿ, ಕಾಂಡಕ್ಕೆ ತಾಗುವಂತೆ ಸುರಿದೆ. ನೆಲ ಒಣಗಿತ್ತು. ಹನ್ನೆರಡು ಸಾಲು ಮುಗಿಯುವಷ್ಟರಲ್ಲಿ ಚೀಲ ಖಾಲಿ. ಮಧ್ಯಾಹ್ನ ನಾಲ್ಕು ಹನಿ ಬಿತ್ತು. ದೇವರೂ ನನ್ನ ಕಡೆ ಇದ್ದಾನೆ ಎಂದುಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಗಂಗವ್ವ ಬಾಗಿಲಿಗೆ ಬಂದಳು.

"ಯಕ್ಕಾ, ನಿನ್ನ ಹೊಲದಾಗ ಇದ್ದಬದ್ದ ನಾಲ್ಕು ಎರಿಹುಳ ಬದು ದಾಟಿ ನಮ್ಮ ಹೊಲಕ್ಕ ಗುಳೆ ಬರಾಕತ್ತಾವು. ಅರ್ಧ ದಾರ್ಯಾಗ ಬೆಳ್ಳಕ್ಕಿ ತಿಂದ್ವು. ಉಳದವನ್ನ ವಾಪಸ್ ಕಳಸಲ್ಯೋ, ನಾನ ಇಟ್ಕೊಳ್ಳಲ್ಯೋ?"

ಓಡಿದೆ. ಹನ್ನೆರಡು ಸಾಲಿನ ಗಿಡಗಳ ಎಲೆ ಅಂಚು ಸುಟ್ಟು ಹಪ್ಪಳದಂತೆ ಮುದುಡಿದ್ದವು. ನಾನು ಸೊಂಟಕ್ಕೆ ಕೈಯಿಟ್ಟು ನಿಂತಿರುವಾಗಲೇ ರಸ್ತೆಯಲ್ಲಿ ಟೆಂಪೋ ನಿಂತಿತು. ಇಳಿದವಳು ಸವಿತಾ. ಹಿಂದೆ ಹದಿನೈದು ಮಂದಿ ರೈತರು.

"ನೀಲವ್ವಾರ, ಇವರು ಕುಪ್ಪೇಲೂರಿಂದ ಬಂದಾರ್ರಿ. ಜಿಲ್ಲಾದಾಗ ಚಲೋ ಮಣ್ಣು ಹೆಂಗಿರ್ತೈತಿ ಅಂತ ತೋರಸಾಕ ಕರಕೊಂಡು ಬಂದೇನಿ."

ಹದಿನೈದು ಜನ ನನ್ನ ಹೊಲ ನೋಡಿದರು. ಆಮೇಲೆ ಬದುವಿನ ಆಚೆ ಗಂಗವ್ವನ ಹೊಲ ನೋಡಿದರು. ಒಬ್ಬ ಮುದುಕ ಕೇಳಿದ, "ಮೇಡಂ, ನಾವು ತಪ್ಪಿ ಈ ಕಡೆ ಇಳದೇವೇನು?"

ಸವಿತಾ ಬಗ್ಗಿ ಮಣ್ಣು ಕೆದರಿದಳು. "ಇದಕ್ಕ ಏನರ ಹಾಕೀರೇನ್ರಿ?"

"ಏನೂ ಇಲ್ಲವ್ವ. ನೀನ ಬ್ಯಾಡಂದಿದ್ದೆಲ್ಲ."

ಆಗ ತುಂತುರು ಹನಿಯುತ್ತಿತ್ತು. ಓಡುವ ಅವಸರದಲ್ಲಿ ಅಂಗಳದಲ್ಲಿ ಕೈಗೆ ಸಿಕ್ಕ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಬಂದಿದ್ದೆ. ಸವಿತಾ ನನ್ನ ತಲೆಯನ್ನೇ ನೋಡುತ್ತಿದ್ದಳು. ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಯೂರಿಯಾ ಎಂದು ಬರೆದಿತ್ತಂತೆ. ಮಡಿಕೆಯಲ್ಲಿ ಉಳಿದಿದ್ದ ಬಿಳಿ ಕಾಳು ನಾಲ್ಕಾರು ನನ್ನ ಹೆಗಲ ಮೇಲೆ ಉದುರಿ ಸಾಕ್ಷಿ ಹೇಳಿದವು.

ಇನ್ನು ಮುಚ್ಚಿಡಲು ಏನಿತ್ತು? ತಿಪ್ಪೆ, ಜರಡಿ, ಕಾರ್ಡು, ಕೋಳಿ ಕೂಗುವ ಹೊತ್ತು, ಎಲ್ಲ ಒದರಿಬಿಟ್ಟೆ. ಕುಪ್ಪೇಲೂರಿನವರು ಬದುವಿನ ಮೇಲೆ ಕುಳಿತು ನಕ್ಕರು. ಅಷ್ಟರಲ್ಲಿ ಬಂದು ನಿಂತಿದ್ದ ನಮ್ಮ ಮನೆಯವರು ಮಾತ್ರ ನಗಲಿಲ್ಲ.

"ನನಗೇನು ಹೊಸಾದಲ್ಲ ಬಿಡ್ರಿ," ಎಂದರು ಎಲ್ಲರಿಗೂ ಕೇಳುವಂತೆ. "ಇಕಿನ್ನ ನೋಡಾಕ ಹೋದಾಗನೂ ಹಿಂಗ ಆಗಿತ್ತು. ಬೆಂಡೋಲಿ ಅವರ ಕಾಕಿದು."

ನಲವತ್ತೈದು ವರ್ಷ ಈ ಮನುಷ್ಯ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ!

ಸವಿತಾ ಬೈಯಲಿಲ್ಲ. "ಒಣಾ ನೆಲದಾಗ ಬೇರಿಗೆ ಇಷ್ಟು ಸುರದ್ರ, ಗಿಡದಾಗಿನ ನೀರನ್ನ ಮಣ್ಣು ಹೊರಗ ಜಗ್ಗತೈತ್ರಿ. ಹುಳಾ ನಿಲ್ಲಂಗಿಲ್ಲ," ಎಂದಳು. ಮಾವಿನಕಾಯಿಗೆ ಉಪ್ಪು ಹಚ್ಚಿದರೆ ನೀರು ಬಿಡುವುದನ್ನು ಜೀವನವಿಡೀ ನೋಡಿದವಳು ನಾನು. ಹನ್ನೆರಡು ಸಾಲು ಉಪ್ಪಿನಕಾಯಿ ಹಾಕಿದ್ದೆ.

"ಹಂಗಾದ್ರ ಗೋವಿನಜೋಳನ ಖರೆ," ಎಂದರು ನಮ್ಮ ಮನೆಯವರು.

"ಅದು ಇನ್ನೂ ಹೊಟ್ಟಿಬಾಕ ಬೆಳಿರಿ. ಈ ಮಣ್ಣಿನ್ಯಾಗ ಅದೂ ಏಳಂಗಿಲ್ಲ. ಮೊದಲ ಮಣ್ಣಿಗೆ ಉಣ್ಣಾಕ ಹಾಕ್ರಿ. ಕೊಳತ ತಿಪ್ಪಿ ಗೊಬ್ಬರ ಹಾಕಿದ್ರ ಹುಳಾ ಬರ್ತಾವು, ಹುಳಾ ಬಂದ್ರ ಮಣ್ಣು ಸಡಿಲಾಗತೈತಿ. ಸುಟ್ಟ ಸಾಲಿಗೆ ನೀರು ಬಿಡ್ರಿ. ಉಳದ ಗಿಡ ನೀವು ಗೊಬ್ಬರ ಹಾಕಿದಂಗ ಬರ್ತಾವು."

ನಮ್ಮ ಮನೆಯವರು ತಲೆ ಕೆರೆದರು. "ಆತು. ಬರೋ ವರ್ಷನೂ ಮೆಣಸಿನಕಾಯಿನ ಹಾಕು. ಆದ್ರ ಮಣ್ಣಿನ ಚೀಲ ನಾ ತುಂಬತೇನಿ. ನೀ ಹತ್ರ ಸುಳಿಬಾರ್ದು."

ಒಪ್ಪಿದೆ. ಬೀಜದ ಗಡಿಗೆ ಉಳಿಯಿತು, ಮಾನ ಹೋಯಿತು. ಲಾಭವೇ.

ಮರುದಿನ ಬೆಳಿಗ್ಗೆ ಎದ್ದವಳೇ ಬುಟ್ಟಿ ತಗೊಂಡು ಕೊಟ್ಟಿಗೆಯ ಹಿಂದೆ ಹೋದೆ. ತಿಪ್ಪೆಯ ಮಗ್ಗುಲಿಗೆ, ಪರೀಕ್ಷೆಯಲ್ಲಿ ಎಲ್ಲ ಹೆಚ್ಚು ಪಡೆದ ಆ ಮಣ್ಣು ಹಾಗೇ ಇತ್ತು. ಬುಟ್ಟಿ ತುಂಬಿ, ಸಿಂಬಿ ಇಟ್ಟು, ತಲೆಯ ಮೇಲೆ ಹೊತ್ತು ಹಳ್ಳದ ಹೊಲಕ್ಕೆ ನಡೆದೆ. ಬದುವಿನ ಮೇಲಿದ್ದ ಗಂಗವ್ವ ಕೇಳಿದಳು, "ಎಲ್ಲಿಗೆ ಹೊಂಟೀಯಕ್ಕಾ, ಇಷ್ಟು ಲಗೂನ?"

"ಸರ್ಕಾರದ ಕಾರ್ಡು ಸುಳ್ಳಾಗಬಾರ್ದಲ್ಲವ್ವ," ಎಂದೆ. "ಹೊಲಾನ ಕಾರ್ಡಿನಂಗ ಮಾಡಾಕ ಹೊಂಟೇನಿ."

ಮಧ್ಯಾಹ್ನದವರೆಗೆ ಹೊತ್ತೆ. ಅರ್ಧ ಸಾಲು ಕಾರ್ಡಿನಂತಾಯಿತು.