ಎಣ್ಣೆಬಾಕರು

ಮಾನ್ವಿಯ ಟ್ರ್ಯಾಕ್ಟರ್ ಮೇಸ್ತ್ರಿ ಮುದುಕಪ್ಪನಿಗೆ ಬಾರದ ವಿದ್ಯೆ ಭೂಮಿಯ ಮೇಲಿಲ್ಲ. ಇದು ಊರಿನ ಮಾತಲ್ಲ, ಅವನದೇ ಮಾತು. ಸತ್ತ ಇಂಜಿನ್ನಿಗೆ ಜೀವ ಕೊಡುವ ಈ ಮಹಾಪುರುಷ, ಮನೆಯ ಹಿತ್ತಲಲ್ಲೇ ರಿಪೇರಿ ಮಾಡಿ, ಕರಿ ಆಯಿಲ್ ಅಲ್ಲೇ ಚೆಲ್ಲಿ ಚೆಲ್ಲಿ, ಹೆಂಡತಿ ಬಸವಂತಮ್ಮನ ಪುಂಡಿಪಲ್ಯದ ಪಾತಿಯನ್ನು ಕೊಂದೇಬಿಟ್ಟಿದ್ದ.

"ಈ ಮಣ್ಣಾಗ ಪುಂಡಿ ಚಿಗುರೋ ತನಕ ಹಿತ್ತಲದಾಗ ಪಾನಾ ಹಿಡದು ರಿಪೇರಿಗೆ ಕುಂತೀರಿ ಅಂದ್ರ ನೋಡ್ರಿ ಮತ್ತ," ಅಂದಳು ಆಕೆ.

ಟ್ರ್ಯಾಕ್ಟರ್ ಬೀದಿಗೆ ಬಿತ್ತು. ಮೇಸ್ತ್ರಿಯ ಮಾನವೂ ಅದರ ಬೆನ್ನಿಗೇ ಹೋಯಿತು.

"ಪುಂಡಿ ಏನ್ಬೇ, ತ್ವಾಟಾನ ಎಬ್ಬಸ್ತೀನಿ!" ಎಂದವನೇ ರಾಯಚೂರಿನ ಬಸ್ಸು ಹತ್ತಿದ. ಕೃಷಿ ಕಾಲೇಜಿನ ಸವಿತಾ ಮೇಡಂ ಒಂದು ಡಬ್ಬಿ ಕೊಟ್ಟರು. ಒಳಗೆ ಕಣ್ಣಿಗೆ ಕಾಣದ ಜೀವಾಣುಗಳು. ಮಣ್ಣಿಗೆ ಬೆರೆಸಿ, ಸಗಣಿಗೊಬ್ಬರ ಹಾಕಿ, ನೀರು ಚಿಮುಕಿಸಿ, ಆಗಾಗ ಮಗುಚುತ್ತಿದ್ದರೆ ಕರಿ ಆಯಿಲ್ಲನ್ನು ನಿಧಾನಕ್ಕೆ ತಿಂದು ಮುಗಿಸುತ್ತವಂತೆ. ಬೇರೇನೂ ಹಾಕಬೇಡಿ ಎಂದು ಮೇಡಂ ಹೇಳುವ ಹೊತ್ತಿಗೆ ಮುದುಕಪ್ಪ ಗೇಟು ದಾಟಿದ್ದ.

ಬಸವಂತಮ್ಮ ಡಬ್ಬಿಯೊಳಗೆ ಇಣುಕಿದಳು. "ಏನೂ ಕಾಣವಲ್ದಲ್ರೀ?"

"ಕೋಟಿಗಟ್ಲೆ ಅದಾವ. ಎಣ್ಣಿ ಅಂದ್ರ ಪ್ರಾಣ ಬಿಡ್ತಾವ."

ಈ ಮಾತನ್ನೇ ಸಂಜೆ ಸಮೀಉಲ್ಲಾನ ಮಿರ್ಚಿ ಬಜ್ಜಿ ಬಂಡಿಯ ಮುಂದೆ ಉಪ್ಪುಖಾರ ಹಚ್ಚಿ ಹೇಳಿದ. ಸಮೀಉಲ್ಲಾನ ಕಿವಿ ನೆಟ್ಟಗಾಯಿತು. ಕರಿದು ಕರಿದು ಕಪ್ಪಾದ ಎಣ್ಣೆಯನ್ನು ಚರಂಡಿಗೆ ಸುರಿದನೆಂದು ಅವನು ದಿನವೂ ಬೈಸಿಕೊಳ್ಳುತ್ತಿದ್ದ.

"ಮುದುಕಣ್ಣ, ನನ್ನ ಎಣ್ಣಿನೂ ತಿಂತಾವೇನು?"

"ತಿಂದು ಗಂಗಾಳ ನೆಕ್ಕತಾವ."

"ಹಂಗಾರ ಫಿಕರ್ ಇಲ್ಲ. ಎಣ್ಣಿ ನಿನ್ನ ಹುಳಕ್ಕ, ಬಜ್ಜಿ ನಿನಗ."

ರಾಜರಾಜರ ನಡುವೆಯೂ ಇಂಥ ಒಪ್ಪಂದ ನಡೆದಿರಲಿಕ್ಕಿಲ್ಲ. ಸಂಜೆಯಾದರೆ ಡಬ್ಬಿ ಎಣ್ಣೆ ಹಿತ್ತಲಿಗೆ, ಪ್ಲೇಟು ಬಜ್ಜಿ ಮುದುಕಪ್ಪನ ಹೊಟ್ಟೆಗೆ. ಮನೆಯಲ್ಲಿ ಬಿಸಿ ರೊಟ್ಟಿ ಮುಂದಿಟ್ಟರೆ, "ಯಾಕೋ ಹಸಿವಿಲ್ಲ ನೋಡು," ಎನ್ನುವುದು.

ಹಿತ್ತಲು ಜಾತ್ರೆಯ ಮಿಠಾಯಿ ಅಂಗಡಿಯಂತೆ ನಾರಿತು. ಓಣಿಯ ನಾಯಿಗಳು ಬಂದು ಮಣ್ಣು ನೆಕ್ಕಿದವು. ಬಸವಂತಮ್ಮ ಹಾಕಿದ ಪುಂಡಿ ಬೀಜ ಮಾತ್ರ ಕಣ್ಣು ಬಿಡಲಿಲ್ಲ.

"ನಿಮ್ಮ ಹುಳಗೋಳು ಒಪ್ಪತ್ತು ಹಿಡದಾವೇನು?" ಎಂದಳು.

ಮಾನ ಉಳಿಸಿಕೊಳ್ಳಲು ಮುದುಕಪ್ಪ ಮೇಡಂಗೆ ಫೋನು ಹಚ್ಚಿ, ನಿಮ್ಮ ಮಾಲು ಡೂಪ್ಲಿಕೇಟು ಎಂದುಬಿಟ್ಟ. ಮೇಡಂ ಖುದ್ದಾಗಿ ಬಂದು, ಹಿಡಿ ಮಣ್ಣು ತೆಗೆದು ಮೂಸಿದರು.

"ಇಲ್ಲಿ ಬಜ್ಜಿ ಕರದೀರೇನ್ರೀ?"

ಮುದುಕಪ್ಪ ನಾಯಿ ಓಡಿಸಲು ಹೋದ. ಅಲ್ಲಿ ನಾಯಿ ಇರಲಿಲ್ಲ. ಅಷ್ಟರಲ್ಲಿ ಗೋಡೆಯ ಮೇಲೊಂದು ಡಬ್ಬಿ ಕಾಣಿಸಿತು, ಅದರ ಹಿಂದೆ ಸಮೀಉಲ್ಲಾನ ತಲೆ.

"ಮುದುಕಣ್ಣ, ಇವತ್ತಿನ ಎಣ್ಣಿ ತಗೋ. ಬಜ್ಜಿ ಬಿಸಿ ಅದಾವ, ಲಗೂ ಬಾ."

ಮೇಡಂಗೆ ನಗು ತಡೆಯಲಾಗಲಿಲ್ಲ. "ಹುಳದ್ದೇನೂ ತಪ್ಪಿಲ್ರೀ. ಸಲೀಸಾಗಿ ಕರಗೋ ಎಣ್ಣಿ ದಿನಾ ಸಿಗಾಕತ್ರ, ಅವು ಇಂಜಿನ್ ಆಯಿಲ್ ಕಡಿ ಯಾಕ ತಿರುಗಿ ನೋಡತಾವ?"

ಬಸವಂತಮ್ಮ ಮಣ್ಣನ್ನು ನೋಡಿದಳು. ಗಂಡನ ಹೊಟ್ಟೆಯನ್ನು ನೋಡಿದಳು.

"ತಿಳೀತು ಬಿಡ್ರಿ ಮೇಡಂ. ಬಂಡಿ ರುಚಿ ಹತ್ತಿಸಿಕೊಂಡು ಮನ್ಯಾಗಿಂದು ಒಲ್ಲೆ ಅನ್ನೋ ಹುಳ ಒಂದು, ಲಗ್ನ ಆದಾಗಿಂದ ನಾನೂ ಸಾಕೀನಿ. ಪುಂಡಿ ಚಿಗುರೋ ತನಕ ಬಜ್ಜಿ ಬಂದ್. ಅವಕ್ಕೂ, ಇವರಿಗೂ."