ಸಾಹುಕಾರರ ಬೋಟಿನ ಕಪ್ಲಿಂಗು

ಬಂಕಾಪುರದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿರುವ ನನ್ನನ್ನು ಫಜೀತಿಗಳು ವಿಳಾಸ ಕೇಳಿ ಹುಡುಕಿಕೊಂಡು ಬರುತ್ತವೆ. ಈ ಸಲ ಬಂದದ್ದು ಬೋಟಿನ ಕೆಲಸ. ಖುಷಿಗೆ ನನಗೆ ಊಟವೇ ಸೇರಲಿಲ್ಲ.

೧. ಖಾಲಿಯಾಗುವ ತನಕ

ಸವಣೂರಿನ ಬೀಜದಂಗಡಿ ಸಾಹುಕಾರರು ಹಾನಗಲ್ ಕಡೆಯ ಕೆರೆಯೊಂದರಲ್ಲಿ ಬಿಡಲು ಹಳೇ ಬೋಟು ತಂದಿದ್ದರು. ಎಂಜಿನ್ನಿಗೂ ನೀರು ತಳ್ಳುವ ಪಂಖದ ಶಾಫ್ಟಿಗೂ ಗಂಟು ಹಾಕುವ ಕಪ್ಲಿಂಗು ಸವೆದು ಗಡಗಡ ಅನ್ನುತ್ತಿತ್ತು. ಭಾನುವಾರ ಹಿರೇಕೆರೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಅವರನ್ನು ಬೋಟಿನಲ್ಲಿ ಕೂರಿಸಿಯೇ ಮಗಳ ಮದುವೆ ಮಾತು ಪಕ್ಕಾ ಮಾಡಬೇಕೆಂಬ ಹಟ ಸಾಹುಕಾರರದು.

ನಾನು ಬೋಟು ನೀರಲ್ಲಿದ್ದಾಗಲೇ ಬೋಲ್ಟು ಬಿಚ್ಚಿದೆ. ಶಾಫ್ಟು ಹಿಂದಕ್ಕೆ ಜಾರಿ, ಅದರ ತೂತಿನಿಂದ ಒಳಗೆ ನೀರು ಸುರಿಯತೊಡಗಿತು. ಟ್ರ್ಯಾಕ್ಟರಿನ ಆಯಿಲ್ ಇಳಿಸಿ ರೂಢಿಯಾದವನು ನಾನು, ಕೆಳಗೊಂದು ಬಕೀಟು ಇಟ್ಟು ಆರಾಮಾಗಿ ಕುಳಿತೆ.

"ಇದು ಯಾವಾಗ ನಿಂದರತೈತಿ?" ಸಾಹುಕಾರರು ಕೇಳಿದರು.

"ಪೂರಾ ಇಳದು ಖಾಲಿ ಆದಮ್ಯಾಲರಿ."

"ಯಾವದು, ಕೆರೀನ?"

೨. ಸ್ಪೀಕರ್ ಫೋನು

ತೂತಿಗೆ ನನ್ನ ಟವೆಲ್ಲು ತುರುಕಿ, ಬೋಟನ್ನು ದಂಡೆಗೆ ಎಳೆಸಿ, ಹೊಸ ಕಪ್ಲಿಂಗು ಹಾಕಿ ಮತ್ತೆ ನೀರಿಗೆ ಬಿಟ್ಟೆ. ಕಪ್ಲಿಂಗಿನ ಎರಡು ಬಿಲ್ಲೆಗಳು ಮುಖಕ್ಕೆ ಮುಖ ತಾಗಿ ಕೂರಬೇಕು. ಭಾನುವಾರ ಬೆಳಿಗ್ಗೆ ನೋಡಿದರೆ ನಡುವೆ ಬ್ಲೇಡು ತೂರುವಷ್ಟು ಸಂದು. ಗಾಬರಿಯಾಗಿ ಸಾಹುಕಾರರಿಗೆ ಫೋನು ಹಚ್ಚಿದೆ.

"ಎರಡೂ ಮುಖ ಕೂಡವಲ್ಲವರಿ. ನಡುವ ಸಂದೈತಿ. ಹಿಂಗ ಜುಲುಮೀಲೆ ಕೂಡಿಸಿದ್ರ ಆರು ತಿಂಗಳದಾಗ ಮುರೀತೈತಿ ನೋಡ್ರಿ."

ಸಾಹುಕಾರರ ಕೈಯಲ್ಲಿ ಉಪ್ಪಿಟ್ಟಿನ ತಟ್ಟೆಗಳಿದ್ದವಂತೆ, ಹಾಗಾಗಿ ಸ್ಪೀಕರ್ ಹಾಕಿದ್ದರು. ಎದುರಿಗೇ ಗಂಡಿನ ಕಡೆಯವರು. ತಟ್ಟೆಯೊಂದನ್ನು ಠಣ್ಣನೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ಗಂಡಿನ ಅಪ್ಪನ ಮಾತು ಕೇಳಿಸಿತು:

"ಇವ್ರು ಯಾರರಿ, ಜೋಯಿಸ್ರೇನು?"

೩. ಮುಂದ ಹೊಡಿ

ಅವರೆಲ್ಲ ಕೆರೆಗೆ ಬರುವಷ್ಟರಲ್ಲಿ ಎಂಜಿನ್ನಿನ ಕಾಲಿನಡಿ ತಗಡಿನ ಚೂರು ಕೊಟ್ಟು ಎತ್ತರಿಸಿ ಸಂದು ಮುಚ್ಚಿದ್ದೆ. ಅಡ್ಡ ಬರುತ್ತಿದ್ದ ಗೇರಿನ ವೈರನ್ನು ಬಿಚ್ಚಿ ಅವಸರದಲ್ಲಿ ಮತ್ತೆ ಸಿಕ್ಕಿಸಿದ್ದೂ ಆಗಿತ್ತು. ಎಲ್ಲರೂ ಹತ್ತಿ ಕುಳಿತರು. ಫೋನಿನ ಮಾತು ಕೇಳಿದ್ದ ಗಂಡಿನ ಅಪ್ಪನ ಮುಖ ಮಾತ್ರ ಇನ್ನೂ ಬಿಗಿದೇ ಇತ್ತು.

"ಖರೇ ಹೇಳ್ರಿ, ಈ ಸಂಬಂಧ ಬ್ಯಾಡಂತ ನಿಮ್ಮ ಮನಸ್ಸಿನ್ಯಾಗ ಏನರ ಐತೇನು?"

ಸಾಹುಕಾರರು ಎದ್ದು ನಿಂತು ಎದೆ ಮುಟ್ಟಿಕೊಂಡರು. "ನಮ್ಮ ಮನೆತನದಾಗ ಕೊಟ್ಟ ಮಾತಿನಿಂದ ಹಿಂದ ಸರದವ್ರು ಯಾರೂ ಇಲ್ರಿ." ನನ್ನ ಕಡೆ ತಿರುಗಿ, "ಹೊಡಿ ಮುಂದ" ಅಂದರು.

ನಾನು ಗೇರು ಮುಂದಕ್ಕೆ ಹಾಕಿದೆ. ಆಹಾ, ಗಡಗಡ ಇಲ್ಲ, ನಡುಕ ಇಲ್ಲ, ಶಾಫ್ಟು ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ವೈರನ್ನು ಉಲ್ಟಾ ಸಿಕ್ಕಿಸಿದ್ದೇನೆ, ಬೋಟು ಭರ್ರನೆ ಹಿಂದಕ್ಕೆ ಹೋಗುತ್ತಿದೆ ಎಂದು ಗೊತ್ತಾದದ್ದು ಸಾಹುಕಾರರ ಮುಖ ನೋಡಿದ ಮೇಲೆ. ಅವರ ಕೈ ಇನ್ನೂ ಎದೆಯ ಮೇಲೇ ಇತ್ತು.

ಗಂಡಿನ ಅಪ್ಪ ಪಕ್ಕದಲ್ಲಿ ಮುಂದಕ್ಕೆ ಓಡುತ್ತಿದ್ದ ದಂಡೆಯನ್ನು ನೋಡಿದರು, ಸಾಹುಕಾರರನ್ನು ನೋಡಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಎಷ್ಟು ಬೇಕಾದ್ರೂ ಹಿಂದ ಸರೀರಿ ಬೀಗರ, ನಾವೂ ನಿಮ್ಮ ಬೋಟಿನ್ಯಾಗ ಕುಂತೇವಿ!"