ಜರ್ಮನ್ ಪಿಸ್ತೂಲು, ನಾಗಣಸೂರಿನ ತೋಳ

ಸೋಲಾಪುರದ ಗಿರಣಿಯೊಂದರ ಸ್ಟೋರಿನಲ್ಲಿ ನಾನು ಗುಮಾಸ್ತನಾಗಿದ್ದೆ. ಮಗ್ಗದ ಬಿಡಿಭಾಗಗಳೆಲ್ಲ ನನ್ನ ಕೈ ದಾಟಿಯೇ ಹೊರಗೆ ಹೋಗಬೇಕಾಗಿತ್ತು. ಹೀಗಾಗಿ ಜಗತ್ತಿನ ಯಾವ ಯಂತ್ರವಾದರೂ ನನಗೆ ತಿಳಿಯುತ್ತದೆ ಎಂಬ ಖಾತ್ರಿ ನನಗಿತ್ತು. ಯಂತ್ರಗಳಿಗೆ ಈ ವಿಷಯ ಗೊತ್ತಿರಲಿಲ್ಲ.

ಅಕ್ಕಲಕೋಟೆಯ ಸಂಸ್ಥಾನ ಹೋಗಿ ನಾಲ್ಕೈದು ವರ್ಷವಾಗಿರಬಹುದು. ನಮ್ಮ ಗಿರಣಿಯ ಮುದಿ ವಿಲಾಯತಿ ನೇಯ್ಗೆ ಮಾಸ್ತರ ಕೆಲಸ ಬಿಟ್ಟು ತನ್ನ ದೇಶಕ್ಕೆ ಹೊರಟ. ಅವನ ಪೆಟ್ಟಿಗೆಗಳನ್ನು ನಾನೇ ಕಟ್ಟಿಸಿಕೊಟ್ಟೆ. ಆ ಸಂತೋಷಕ್ಕೆ ಅವನು ಒಂದು ಜರ್ಮನ್ ಗಾಳಿ ಪಿಸ್ತೂಲನ್ನು ನನ್ನ ಕೈಗಿಟ್ಟು, ಅದರ ಇತಿಹಾಸವನ್ನೂ ಹೇಳಿದ. ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನರಿಗೆ, ಇನ್ನು ಮೇಲೆ ದೊಡ್ಡ ಬಂದೂಕು ಮಾಡಕೂಡದೆಂದು ಗೆದ್ದವರು ತಾಕೀತು ಮಾಡಿದರಂತೆ. ಬಂದೂಕು ಮಾಡಿಯೇ ರೂಢಿಯಾದ ಕೈಗಳು ಸುಮ್ಮನೆ ಕೂತಾವೆಯೇ? ಮದ್ದು ಬಿಟ್ಟು ಗಾಳಿಗೆ ಕೈ ಹಾಕಿದವಂತೆ!

ರಚನೆ ಬಹಳ ಸರಳ. ನಳಿಗೆಯ ಬಾಯನ್ನು ಗಟ್ಟಿ ಗೋಡೆಗೆ ಒತ್ತಬೇಕು. ನಳಿಗೆ ಒಳಗೆ ಸರಿದು ಸ್ಪ್ರಿಂಗು ಬಿಗಿಯಾಗುತ್ತದೆ. ಆಮೇಲೆ ಹಿಂಬದಿಯ ತಿರುಪು ಬಿಚ್ಚಿ, ಜೋಳದ ಕಾಳಿನಷ್ಟು ಸೀಸದ ಗುಂಡು ಹಾಕಿ, ತಿರುಪನ್ನು ಮತ್ತೆ ಬಿಗಿಯಬೇಕು. ಬೆರಳಿನಿಂದ ಕುದುರೆ ಎಳೆದರೆ ಗುಂಡು ಹಾರುತ್ತದೆ, ನಳಿಗೆಯೂ ಟಪ್ಪನೆ ಮುಂದಕ್ಕೆ ಜಿಗಿಯುತ್ತದೆ. ಇದನ್ನೆಲ್ಲ ಹೆಂಡತಿ ಮಾಯವ್ವನಿಗೆ ಸವಿಸ್ತಾರವಾಗಿ ವಿವರಿಸಿದೆ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು.

“ಒಂದ ಗುಂಡಿಗಿ ಇಷ್ಟೆಲ್ಲಾ ಮಾಡಬೇಕೇನ್ರಿ?”

“ಹೂಂ.”

“ಅಲ್ಲೀತನಕಾ ಎದುರಿನಾಂವ ನಿಂತಿರ್ತಾನೇನ್ರಿ?”

ಇವಳಿಗೆ ಯಂತ್ರದ ವಿಷಯ ತಿಳಿಯುವುದಿಲ್ಲವೆಂದು ನಾನು ಮಾತು ಬದಲಿಸಿದೆ.

ಮಾಯವ್ವನ ತವರು ನಾಗಣಸೂರ. ಅವಳ ಅಪ್ಪ ಮಾಳಪ್ಪನವರು ಕುರಿ ಸಾಕಿಕೊಂಡಿದ್ದವರು. ಅದೇ ವಾರ ಅಲ್ಲಿಂದ ಸುದ್ದಿ ಬಂತು. ತೋಳವೊಂದು ಹಾಡಹಗಲೇ ಹಿಂಡಿಗೆ ಬಿದ್ದು ಎರಡು ಮರಿಗಳನ್ನು ಒಯ್ದಿತ್ತು. ‘ಕಾಳಜಿ ಮಾಡಬ್ಯಾಡ್ರಿ. ಐತವಾರ ನಾನೇ ಬರ್ತೀನಿ’ ಎಂದು ಹೇಳಿ ಕಳಿಸಿದೆ.

ಐತವಾರ ಗಂಡ ಹೆಂಡತಿ ಬಸ್ಸು ಹತ್ತಿದೆವು. ನನ್ನ ಸೊಂಟದ ಪಿಸ್ತೂಲು ನೋಡಿ ಕಂಡಕ್ಟರ್ ಮರಾಠಿಯಲ್ಲಿ ಕೇಳಿದ, “ಕಾಯ್ ಹೋ ಪಾವ್ಣೆ, ಲಾಯಸೆನ್ಸ್ ಆಹೇ ಕಾ?” ಇದಕ್ಕೆ ಲೈಸೆನ್ಸ್ ಯಾಕೆ ಬೇಡ ಎಂಬುದನ್ನು ನಾನು ಇತಿಹಾಸಸಮೇತ ತಿಳಿಸಿ ಹೇಳಿದೆ. ವಳಸಂಗ ಬರುವಷ್ಟರಲ್ಲಿ ಜರ್ಮನಿ ಸೋತಿತ್ತು. ಅಕ್ಕಲಕೋಟೆ ಬರುವಷ್ಟರಲ್ಲಿ ನನ್ನ ಸುತ್ತಲಿನವರೆಲ್ಲ ಎದ್ದು ನಿಂತು ಪ್ರಯಾಣ ಮಾಡುತ್ತಿದ್ದರು.

ನಾಗಣಸೂರಿನಲ್ಲಿ ಮಾವನ ಮನೆಯಂಗಳದಲ್ಲಿ ನಾಲ್ಕು ಜನ ಸೇರಿದ್ದರು. ನಾನು ನಳಿಗೆಯನ್ನು ಮಣ್ಣಿನ ಗೋಡೆಗೆ ಒತ್ತಿದೆ. ನಳಿಗೆ ಒಳಗೆ ಹೋಯಿತು. ಗೋಡೆಯೂ ನಳಿಗೆಯ ಒಳಗೆ ಹೋಯಿತು! ಗುಂಡು ಹಾಕಿ, ಎದುರಿನ ಗಡಿಗೆಗೆ ಗುರಿಯಿಟ್ಟು ಕುದುರೆ ಎಳೆದೆ. ‘ಟುಸ್’ ಎಂದಿತು. ಒಂದು ಚಿಟಿಕೆ ಮಣ್ಣು ನನ್ನ ಕಾಲ ಮೇಲೆಯೇ ಬಿತ್ತು.

ಯಾರೂ ನಗಲಿಲ್ಲ. ಅಳಿಯನಿಗೆ ಮರ್ಯಾದೆ ಕೊಡುವ ಮನೆತನ.

“ಪ್ರವಾಸ ಮಾಡಿ ದಣದಾರ,” ಎಂದರು ಅತ್ತೆ. “ಮದಲ ಊಟಾ ಮಾಡ್ಲಿ.”

ಪಿಸ್ತೂಲಿನ ಬಗ್ಗೆ ಹೇಳಿದರೋ ನನ್ನ ಬಗ್ಗೆ ಹೇಳಿದರೋ ತಿಳಿಯಲಿಲ್ಲ.

ಊಟವಾದ ಮೇಲೆ ಜಾಲಿ ಮುಳ್ಳಿನಿಂದ ನಳಿಗೆ ಕೆದಕಿ ಸ್ವಚ್ಛ ಮಾಡಿಕೊಂಡು, ಮಾವ ಮತ್ತು ಮಾಯವ್ವನ ಜೊತೆ ಕುರಿ ಮೇಯುವ ಮಾಳಕ್ಕೆ ಹೋದೆ. ಹಿಂಡಿನ ಸುತ್ತ ಎರಡು ನಾಯಿಗಳು ತಿರುಗುತ್ತಿದ್ದವು.

“ಮಾವಾರ, ನಾಯಿ ಕಟ್ಟಿ ಹಾಕ್ರಿ,” ಎಂದೆ.

“ಅವು ಇದ್ರನ ತ್ವಾಳ ಹೆದರ್ತೈತ್ರಿ ಅಳಿಯಂದ್ರ.”

“ಹೆದರಿದ್ರ ಹ್ಯಾಂಗ್ರಿ? ಅದು ಹತ್ರ ಬರಬೇಕಲ್ಲ!”

ಮಾವ ನಾಯಿಗಳನ್ನು ಜಾಲಿ ಗಿಡಕ್ಕೆ ಕಟ್ಟಿದರು. ಮೊದಲೇ ಹೇಳಿದೆನಲ್ಲ, ಮರ್ಯಾದೆ ಕೊಡುವ ಮನೆತನ.

ತೋಳ ಬಂತು. ನನ್ನ ನಿರೀಕ್ಷೆಗಿಂತ ಬಹಳ ಬೇಗ ಬಂತು. ಸ್ಪ್ರಿಂಗನ್ನು ಬಹಳ ಹೊತ್ತು ಬಿಗಿದಿಟ್ಟರೆ ಸಡಿಲಾಗುತ್ತದೆ ಎಂದು ಮಾಸ್ತರ ಎಚ್ಚರಿಸಿದ್ದರಿಂದ ನಾನು ಬಿಗಿದಿಟ್ಟುಕೊಂಡಿರಲಿಲ್ಲ. ಒತ್ತೋಣವೆಂದು ಪಿಸ್ತೂಲು ತೆಗೆದೆ. ಆಗ ಒಂದು ಸಂಗತಿ ಹೊಳೆಯಿತು. ಮಾಳದಲ್ಲಿ ಗೋಡೆ ಇರುವುದಿಲ್ಲ!

ನೆಲಕ್ಕೆ ಒತ್ತಿದೆ, ಎರೆಮಣ್ಣಿನಲ್ಲಿ ಇಳಿಯಿತು. ಚಪ್ಪಲಿಗೆ ಒತ್ತಿದೆ, ಕಾಲು ನೋಯಿತು. ನನ್ನ ಒದ್ದಾಟ ನೋಡಲಾರದೆ ಮಾವ ಕಂಬಳಿ ಹೊದ್ದ ಬೆನ್ನನ್ನು ನನ್ನ ಕಡೆ ತಿರುಗಿಸಿದರು.

“ಇಲ್ಲಿ ಒತ್ರಿ!”

ಗುಂಡು ಇನ್ನೂ ಹಾಕಿರಲಿಲ್ಲವಾದ್ದರಿಂದ ಧೈರ್ಯವಾಗಿ ಒತ್ತಿದೆ. ಮಾವ ಮುಂದಕ್ಕೆ ಸರಿದರು. ನಾನೂ ಸರಿದೆ. ಹೀಗೆ ಒತ್ತುತ್ತ, ಸರಿಯುತ್ತ ಇಬ್ಬರೂ ತೋಳದ ಕಡೆಗೇ ಹತ್ತು ಹೆಜ್ಜೆ ನಡೆದೆವು. ತೋಳ ನಿಂತು ನೋಡಿತು. ಇಂಥದ್ದನ್ನು ಅದು ಹಿಂದೆ ನೋಡಿರಲಿಕ್ಕಿಲ್ಲ.

ಕೊನೆಗೆ ‘ಟಕ್’ ಎಂದು ಸ್ಪ್ರಿಂಗು ಕೂತಿತು. ತಿರುಪು ಬಿಚ್ಚಿದೆ. ಗಡಿಬಿಡಿಯಲ್ಲಿ ಮೂರು ಗುಂಡು ಹುಲ್ಲಿಗೆ ಬಿದ್ದವು, ನಾಲ್ಕನೆಯದು ಒಳಗೆ ಹೋಯಿತು. ಅಷ್ಟರಲ್ಲಿ ತೋಳದ ಬೆರಗು ಮುಗಿದು, ಅದು ಒಂದು ಮರಿಯ ಕುತ್ತಿಗೆ ಹಿಡಿದಿತ್ತು. ಮರಿ ಕೂಗಿತು. ತಿರುಪನ್ನು ಒಂದು ಸುತ್ತು ತಿರುಗಿಸಿ, ಗುರಿ ಹಿಡಿದು ಹೊಡೆದೆ.

ಒಂದು ಸುತ್ತು ಸಾಲದು ಎಂಬುದು ಆಗ ತಿಳಿಯಿತು. ಗುಂಡು ಮುಂದೆ ಹೋಗಲಿಲ್ಲ. ತಿರುಪು ಹಿಂದೆ ಬಂತು! ನನ್ನ ಹಣೆಗೆ ಬಡಿಯಿತು. ಅಯ್ಯಯ್ಯೋ ಎಂದು ಕೂತುಬಿಟ್ಟೆ.

ಕಣ್ಣು ಬಿಟ್ಟಾಗ ಮಾಯವ್ವ ಅಪ್ಪನ ಕೈಯಿಂದ ಕವಣೆ ಕಸಿದುಕೊಂಡು ಕಲ್ಲು ತಿರುವುತ್ತಿದ್ದಳು. ಕಲ್ಲು ಹೋಗಿ ತೋಳದ ಪಕ್ಕೆಗೆ ಬಡಿಯಿತು. ಅದು ಮರಿ ಬಿಟ್ಟು ಓಡಿತು. ಅವಳಿಗೆ ಗೋಡೆ ಬೇಕಾಗಲಿಲ್ಲ.

ಮಾವ ಸಂಚಿಯಿಂದ ಅರಿಶಿನ ತೆಗೆದು ಮೊದಲು ಮರಿಗೆ ಹಚ್ಚಿದರು, ಆಮೇಲೆ ನನಗೆ.

“ನಂದ ತಪ್ಪಾತ್ರಿ ಮಾವಾರ,” ಎಂದೆ. ನಿಜವಾಗಿಯೂ ನಾಚಿಕೆಯಾಗಿತ್ತು.

“ಮರಿ ಉಳೀತಲ್ಲ, ಬಿಡ್ರಿ,” ಎಂದು ಅವರು ಬಗ್ಗಿ ಹುಲ್ಲಿನಲ್ಲಿ ಏನೋ ಹುಡುಕಿದರು. ಬಹಳ ಹೊತ್ತು ಹುಡುಕಿ, ತಿರುಪನ್ನು ಒರೆಸಿ ನನ್ನ ಅಂಗೈಗೆ ಇಟ್ಟರು. “ತಗೋರಿ. ತ್ವಾಳ ಇದನ್ನ ಒಯ್ದಿಲ್ಲ.”

ನಂತರ ನಾಯಿಗಳನ್ನು ಬಿಚ್ಚಿದರು. ಅವು ಹಿಂಡನ್ನು ಒಂದು ಸುತ್ತು ಹಾಕಿದವು. ಚಿಕ್ಕ ನಾಯಿ ಗಾಯವಾದ ಮರಿಯ ಬಳಿ ನಿಂತಿತು. ದೊಡ್ಡದು ನೆಟ್ಟಗೆ ಬಂದು ನನ್ನ ಪಕ್ಕದಲ್ಲಿ ಕೂತಿತು.

“ಯಾಕ್ರಿ ಇದು ಇಲ್ಲಿ ಬಂತು?” ಎಂದು ಕೇಳಿದೆ.

ಮಾವ ಬಗ್ಗಿ ನಾಯಿ ಕಟ್ಟಿದ ಹಗ್ಗ ಸುತ್ತತೊಡಗಿದರು. ಮಾಯವ್ವನೇ ಹೇಳಿದಳು.

“ಅದರ ಚಾಳಿನ ಹಂಗ್ರಿ. ಹಿಂಡಿನ್ಯಾಗ ಯಾವುದು ತನ್ನ ತಾ ಉಳಿಸ್ಕೊಳ್ಳಾಕ ಆಗೂದಿಲ್ಲೋ, ಅದರ ಬಾಜೂಕ ಕುಂಡ್ರತೈತಿ.”

ಸಂಜೆ ನಾವು ಅಕ್ಕಲಕೋಟೆಯ ಬಸ್ಸಿಗೆಂದು ಮನೆ ಬಿಟ್ಟಾಗ ದೊಡ್ಡ ನಾಯಿ ನನ್ನ ಜೊತೆಗೇ ಹೊರಟಿತು. ಎಷ್ಟು ಗದರಿಸಿದರೂ ತಿರುಗಿ ಹೋಗಲಿಲ್ಲ. ನಾನು ಬಸ್ಸು ಹತ್ತಿ, ಕಂಡಕ್ಟರ್ ಬಾಗಿಲು ಹಾಕಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಅದು ಊರ ಕಡೆ ಮುಖ ಮಾಡಿತು.